ಮೆಟ್ಟಿಲಲ್ಲಿ ಸಿಕ್ಕಿಕೊಂಡ ಬೀರು

ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ನಾನು ಸೂಪರ್‌ವೈಸರ್. ಸಮಸ್ಯೆಗಳನ್ನು ಬಗೆಹರಿಸುವುದು ಹೇಗೆಂದು ಕಂಪನಿಯವರು ಎರಡು ದಿನ ತರಬೇತಿ ಕೊಟ್ಟು ಸರ್ಟಿಫಿಕೇಟನ್ನೂ ಕೊಟ್ಟಿದ್ದರು. ಅದೇ ವಾರ ಹೊಸಪೇಟೆಯಲ್ಲಿ ಮನೆ ಬದಲಿಸಿದೆವು. ಮಹಡಿ ಮನೆ. ಮೆಟ್ಟಿಲು ತಿರುಗುವ ಕಡೆ ನಮ್ಮ ಕಬ್ಬಿಣದ ಬೀರು ಸಿಕ್ಕಿಕೊಂಡಿತು. ಮೇಲಕ್ಕೆ ಹೋಗದು, ಕೆಳಕ್ಕೆ ಬಾರದು. ಹಮಾಲರು ಅರ್ಧ ಗಂಟೆ ಹೆಣಗಿ, ಚಹಾ ಕುಡಿದು ಹೊರಟೇಹೋದರು. ಹೆಂಡತಿ ಮೇಲೆ, ನಾನು ಕೆಳಗೆ.

ನಾನು ಗಾಬರಿಯಾಗಲಿಲ್ಲ. ಟೇಪು ಹಿಡಿದು ಅಳೆದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದೆ.

"ರೀ, ನಕ್ಷೆ ಆಮ್ಯಾಲೆ ಬರೀರಿ. ಮೊದ್ಲು ನನ್ನ ಕೆಳಗ ಇಳಸ್ರಿ!" ಮೇಲಿನಿಂದ ಹೆಂಡತಿ ಕೂಗಿದಳು.

ಪುಣ್ಯಕ್ಕೆ ಬೀರುವಿನ ಬಾಗಿಲು ನನ್ನ ಕಡೆಗಿತ್ತು. ಬಾಗಿಲು ತೆರೆದು, ಖಾನೆಗಳನ್ನು ಕಳಚಿ, ಕಟಿಂಗ್ ಮಷೀನಿನಿಂದ ಹಿಂದಿನ ತಗಡನ್ನೇ ಕತ್ತರಿಸಿಬಿಟ್ಟೆ. ದಾರಿಯಾಯಿತು. ಐದು ದಿನ ನಾವು ಬೀರುವಿನೊಳಗಿಂದಲೇ ಓಡಾಡಿದೆವು. ಹಾಲಿನವನು ಬೀರುವಿನ ಬಾಗಿಲು ಬಡಿಯುತ್ತಿದ್ದ. ಹೊಸ ಮನೆ ನೋಡಲು ಬಂದ ನೆಂಟರು ಅದರೊಳಗೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಮೇಲೆ ಬರುತ್ತಿದ್ದರು.

"ಮಸ್ತ್ ಐಡಿಯಾ ಮಾಡೀರಿ ಸರ್," ಎಂದರು ಕೆಳಗಿನ ಮನೆಯ ಮಾಲೀಕರು. "ಊರಿಗೆ ಹೋಗುವಾಗ ಮನಿಗೆ ಕೀಲಿ ಬ್ಯಾಡ, ಬೀರುವಿಗೆ ಹಾಕಿದ್ರ ಸಾಕು."

ನನಗೆ ಹೆಮ್ಮೆಯೇ ಆಯಿತು.

ಆರನೆಯ ದಿನ ಕಂಪ್ಲಿಯಿಂದ ನಮ್ಮ ಸೋದರತ್ತೆ ಬಂದರು. ಗಂಡ ತೀರಿಕೊಂಡ ಮೇಲೆ ರೈಸ್‌ಮಿಲ್ಲನ್ನು ತಾವೇ ನಡೆಸಿದವರು. ಯಾವ ಯಂತ್ರ ನಿಂತರೂ ಮೊದಲು ಅದರ ಪಕ್ಕದಲ್ಲಿ ಸುಮ್ಮನೆ ಕೂರುವುದು ಅವರ ರೂಢಿ. ಬೀರುವಿನ ಮುಂದೆಯೂ ಹಾಗೆಯೇ ಕುಳಿತರು. ನಾನು ನಕ್ಷೆ ವಿವರಿಸತೊಡಗಿದೆ.

"ತಡಿಯಪ್ಪ. ಎಲ್ಲಿ ಹಿಡ್ಕಂಡೈತಿ ಇದು?"

"ತಿರುವು ಸಣ್ಣದು ಅತ್ತಿ, ಒಂದಿಂಚು..."

"ತಿರುವು ಬಿಡು. ಕೈಯಿಟ್ಟು ನೋಡೀಯೇನು?"

ನೋಡಿರಲಿಲ್ಲ. ಎಲ್ಲವನ್ನೂ ಅಳೆದಿದ್ದೆ, ಕತ್ತರಿಸಿಯೂ ಇದ್ದೆ; ಸಿಕ್ಕಿಕೊಂಡದ್ದೆಲ್ಲಿ ಎಂದು ಮುಟ್ಟಿ ಮಾತ್ರ ನೋಡಿರಲಿಲ್ಲ. ಅತ್ತೆ ಬಗ್ಗಿ, ಬೀರುವಿನ ಅಡಿಗೆ ಕೈ ತೂರಿಸಿ ತಡಕಾಡಿದರು. ಅದರ ಒಂದು ಕಾಲು ಮೆಟ್ಟಿಲ ಪಕ್ಕದ ಕಂಬಿಗಳ ಸಂದಿಗೆ ಹೊಕ್ಕಿತ್ತು. ತಿರುಗಿಸಿದರೆ ಬಿಚ್ಚಿಬರುವಂಥ ಕಾಲು.

"ಇದನ್ನ ತಿರುವಪ್ಪ," ಎಂದರು.

ತಿರುಗಿಸಿದೆ. ಕಾಲು ಕೈಗೆ ಬಂತು. ಟೊಳ್ಳು ಬೀರುವನ್ನು ನಾನೂ ಹೆಂಡತಿಯೂ ಇಬ್ಬರೇ ಮೇಲಕ್ಕೆ ಒಯ್ದೆವು.

ಬೆನ್ನಿಲ್ಲದ ಅದನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದೇವೆ. ಸೀರೆಗೆಲ್ಲ ಸುಣ್ಣ ಹತ್ತುತ್ತದೆಂದು ಹೆಂಡತಿ ಈಗಲೂ ಬೈಯುತ್ತಾಳೆ.