ನೀರೆತ್ತುವ ಎಂಜಿನ್ನಿನ ಫೋರ್ಮನ್

ಅವರ ಬಲಗೈಯ ಹೆಬ್ಬೆರಳು ಸ್ವಲ್ಪ ಹೊರಕ್ಕೆ ತಿರುಗಿತ್ತು. ಬಕೆಟ್ಟಿನ ಹಿಡಿಯಾಗಲಿ, ಗೇಟಿನ ಸರಳಾಗಲಿ, ಏನನ್ನು ಹಿಡಿದರೂ ಅದು ಸುತ್ತಿಕೊಳ್ಳದೆ ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಮಲಗಿರುತ್ತಿತ್ತು. ಒಂದು ದಿನ ತಡೆಯಲಾಗದೆ ಕೇಳಿಬಿಟ್ಟೆ.

“ಸಣ್ಣ ಪ್ರಾಯದಲ್ಲಿ ಎಂಜಿನ್ ಸ್ಟಾರ್ಟ್ ಮಾಡ್ಲಿಕ್ಕೆ ಹ್ಯಾಂಡಲನ್ನು ಮುಷ್ಟಿಯಲ್ಲಿ ಹಿಡಿದೆ, ಟೀಚರ್. ಅದು ಹಿಂದೆ ಒದೆಯಿತು, ಹೆಬ್ಬೆರಳು ಮುರಿಯಿತು. ಆಮೇಲೆ ಎಂತ ಹಿಡಿದ್ರೂ ಕೈಗೆ ಅದೇ ಹೆದರಿಕೆ” ಎಂದರು.

ಎಂಬತ್ತರ ದಶಕದ ನಡುವಿನಲ್ಲಿ ನಾವು ಮೈಸೂರಿನಿಂದ ಗಲ್ಫಿಗೆ ಬಂದು ಅಲ್ ಹೈಲ್‌ನಲ್ಲಿ ಮನೆ ಹಿಡಿದಾಗ ಅವರು ನಮ್ಮ ಪಕ್ಕದ ಮನೆಯವರು. ಉಡುಪಿ ಕಡೆಯ ಕೊಂಕಣಿ ಮಾತಿನ ಕ್ರಿಶ್ಚಿಯನ್ನರು. ಒಂದು ಕಂಪನಿಯ ವರ್ಕ್‌ಶಾಪಿನಲ್ಲಿ ಫೋರ್ಮನ್ ಆಗಿದ್ದರಿಂದ ಬೀದಿಗೆಲ್ಲ ಅವರು ಫೋರ್ಮನ್ನರೇ. ನನ್ನ ಗಂಡನಿಗೆ ಅಲ್ ಖುವೈರ್‌ನಲ್ಲಿ ಆಫೀಸು. ನಾನು ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ.

ಗುರುವಾರ, ಶುಕ್ರವಾರದ ರಜೆಗಳನ್ನು ಫೋರ್ಮನ್ನರು ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಕಳೆಯುತ್ತಿದ್ದರು. ಅಲ್ಲಿ ಅವರು ಒಟ್ಟುಹಾಕಿದ್ದ ಹಳೇ ಡೀಸೆಲ್ ಎಂಜಿನ್ನುಗಳಿದ್ದವು. ಒಂದೇ ಸಿಲಿಂಡರು, ಎರಡು ಪಕ್ಕಕ್ಕೂ ಎದೆಯೆತ್ತರದ ಚಕ್ರ. ಒಂದು ಕಾಲದಲ್ಲಿ ಕರಾವಳಿಯುದ್ದದ ಖರ್ಜೂರದ ತೋಟಗಳಲ್ಲಿ ಬಾವಿಯಿಂದ ನೀರೆತ್ತಿದ್ದ ಯಂತ್ರಗಳು. ಕರೆಂಟ್ ಪಂಪು ಬಂದ ಮೇಲೆ ಅವೆಲ್ಲ ಮರಗಳ ಬುಡದಲ್ಲಿ ಮರಳು ತುಂಬಿಕೊಂಡು ಬಿದ್ದಿದ್ದವು.

ಬರ್ಕಾ ಹತ್ತಿರದ ತೋಟವೊಂದರಿಂದ ದೊಡ್ಡ ಎಂಜಿನ್ನನ್ನು ತಂದ ಕತೆಯನ್ನು ಅವರು ಖುಷಿಯಿಂದ ಹೇಳುತ್ತಿದ್ದರು. ತೋಟದ ಯಜಮಾನರಾದ ಮುದುಕರು ಅದರ ಕಡೆ ಕೈ ಬೀಸಿ “ಖಲಾಸ್” ಎಂದರಂತೆ; ಮುಗಿಯಿತು, ಒಯ್ಯಿ ಎಂದರ್ಥ. ಇವರು ತಮ್ಮ ಹರಕುಮುರುಕು ಅರಬ್ಬಿಯಲ್ಲಿ “ಮಾಫಿ ಖಲಾಸ್, ಬಾಬಾ” ಎಂದರಂತೆ. ಮುಗಿದಿಲ್ಲ. ಏಳು ತಿಂಗಳ ಮೇಲೆ ಅದು ಮತ್ತೆ ಉಸಿರೆತ್ತಿದ ದಿನ ಆ ಮುದುಕರು ಬುಟ್ಟಿ ಖರ್ಜೂರದೊಂದಿಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಕುರ್ಚಿಯ ಮೇಲೆ ಒಂದು ಗಂಟೆ ಕೂತು, ಆ ಸದ್ದು ಕೇಳಿ ಎದ್ದುಹೋದರು.

ನಾನು ಪುಸ್ತಕದಲ್ಲಿ ಮಾತ್ರ ಎಂಜಿನ್ ನೋಡಿದವಳು. ಚಕ್ರ ಯಾಕಿಷ್ಟು ಭಾರ, ಸಿಲಿಂಡರಿನ ಸುತ್ತ ನೀರು ಯಾಕೆ ಎಂದೆಲ್ಲ ಅವರು ಬಾಯಲ್ಲಿ ಹೇಳುತ್ತಿರಲಿಲ್ಲ. “ಕೈ ಇಟ್ಟು ನೋಡಿ” ಎನ್ನುತ್ತಿದ್ದರು. ಆದರೆ ಎಂಜಿನ್ ಓಡುವಾಗ ಹತ್ತಿರ ಹೋದರೆ ಗದರುತ್ತಿದ್ದರು. “ಮೊದ್ಲು ಸೆರಗು ಸಿಕ್ಕಿಸಿ ಟೀಚರ್. ಚಕ್ರದ ಬೆಲ್ಟಿಗೆ ನಿಮ್ಮ ಗುರ್ತ ಇಲ್ಲ.”

ಪ್ರತಿ ಚಳಿಗಾಲ ಹಳೇ ಯಂತ್ರಗಳ ಮೋಹವಿದ್ದ ಕೆಲವರು, ಹೆಚ್ಚಿನವರು ಇಂಗ್ಲಿಷರು, ಸೀಬ್ ಕಡೆಯ ಮೈದಾನವೊಂದರಲ್ಲಿ ತಮ್ಮ ಕಾರು, ಎಂಜಿನ್ನುಗಳನ್ನು ಪ್ರದರ್ಶನಕ್ಕಿಡುತ್ತಿದ್ದರು. ಬೇರೆಯವರ ಎಂಜಿನ್ನುಗಳು ಬಣ್ಣ ಬಳಿದುಕೊಂಡು ಹೊಳೆಯುತ್ತಿದ್ದವು, ಸುಮ್ಮನೆ ಓಡುತ್ತಿದ್ದವು. ನಮ್ಮ ಫೋರ್ಮನ್ನರು ಬಣ್ಣ ಬಳಿಯಲಿಲ್ಲ. ಬರ್ಕಾದ ಎಂಜಿನ್ನಿಗೆ ಬೆಲ್ಟು ಹಾಕಿ, ಪಂಪಿಗೆ ಜೋಡಿಸಿ, ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ನೀರೆತ್ತಿಸಿದರು. ಕೆಲಸ ಮಾಡುತ್ತಾ ಇರುವಾಗಲೇ ಅದನ್ನು ನೋಡಬೇಕು ಎಂಬುದು ಅವರ ಹಟ.

ತೊಂಬತ್ತರ ದಶಕದ ಆರಂಭದ ಒಂದು ಶುಕ್ರವಾರ ನಾನು ಹನ್ನೊಂದನೇ ತರಗತಿಯ ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಎಂಜಿನ್ನಿನ ಸುತ್ತ ಫೋರ್ಮನ್ನರು ಹಗ್ಗ ಕಟ್ಟಿದ್ದರು. ಹಿಂದೆ ನಿಂತವರಿಗೆ ಕಾಣಿಸುತ್ತಿಲ್ಲವೆಂದು ಹುಡುಗಿಯರು ಗೊಣಗಿದರು. ಫೋರ್ಮನ್ನರು ಆಚೆ ಬದಿಯಲ್ಲಿ ಯಾರಿಗೋ ವಿವರಿಸುತ್ತಿದ್ದರು. ನಾನು ಹಗ್ಗದ ಒಂದು ತುದಿ ಬಿಚ್ಚಿ, “ನಾಲ್ಕು ನಾಲ್ಕು ಜನ ಬನ್ನಿ” ಎಂದೆ.

ಒಬ್ಬ ಹುಡುಗಿ ನೀರು ಬೀಳುವುದನ್ನು ನೋಡಲು ಬಾಗಿದಳು. ಅವಳ ಸಮವಸ್ತ್ರದ ದುಪಟ್ಟಾದ ತುದಿಯನ್ನು ಬೆಲ್ಟು ಎಳೆದುಕೊಂಡಿತು. ಅವಳ ಕತ್ತು ಬಗ್ಗಿ ಚಕ್ರದ ಕಡೆ ಹೋಗುತ್ತಿದೆ. ಫೋರ್ಮನ್ನರು ಹೇಗೆ ಈಚೆ ಬಂದರೋ ಕಾಣೆ. ಎಡಗೈಯಿಂದ ದುಪಟ್ಟಾವನ್ನು ಬೆಲ್ಟಿನ ಹತ್ತಿರವೇ ಬಿಗಿಯಾಗಿ ಹಿಡಿದು, ಬಲಗೈಯ ಜೇಬುಚೂರಿಯಿಂದ ಅವಳ ಭುಜದ ಬಳಿ ಕುಯ್ದರು. ಹುಡುಗಿ ಹಿಂದಕ್ಕೆ ನನ್ನ ಮೇಲೆ ಬಿದ್ದಳು. ಅವಳ ಕತ್ತಿನಲ್ಲಿ ಕೆಂಪು ಗೆರೆಯಷ್ಟೇ. ಅವರ ಎಡ ಅಂಗೈಯ ಚರ್ಮವನ್ನು ಬೆಲ್ಟು ಸುಲಿದು ಒಯ್ದಿತ್ತು.

ಎಂಜಿನ್ ನಿಂತ ಮೇಲೆ ಪ್ರದರ್ಶನದ ಸಮಿತಿಯ ಮುಖ್ಯಸ್ಥರು, ನರೆಗೂದಲಿನ ಇಂಗ್ಲಿಷರೊಬ್ಬರು, ಬಂದು ಹಗ್ಗ ಬಿಚ್ಚಿದ್ದು ಯಾರೆಂದು ಕೇಳಿದರು. ನಾನು ಹುಡುಗಿಯನ್ನು ಅಪ್ಪಿಕೊಂಡು ನಿಂತಿದ್ದೆ. ಫೋರ್ಮನ್ನರು ನನ್ನ ಮುಖ ನೋಡಿ, ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಾ, “ನಾನೇ ಸರ್” ಎಂದರು.

ನಾನು ಬಾಯಿ ತೆರೆಯಲಿಲ್ಲ.

ಎರಡು ವಾರದ ಮೇಲೆ ಅವರಿಗೆ ಪತ್ರ ಬಂತು: ಇನ್ನು ಮುಂದೆ ಎಂಜಿನ್ನುಗಳನ್ನು ಪ್ರದರ್ಶನಕ್ಕೆ ತರಬೇಡಿ. ಅದನ್ನು ಬೇಲಿಯಾಚೆಯಿಂದ ನನಗೆ ಹೇಳಿದ್ದು ಅವರ ಹೆಂಡತಿ. “ಇವರು ಊಟ ಸರಿ ಮಾಡ್ತಾ ಇಲ್ಲ. ಎಂಜಿನ್ನಿಗೆ ಗೋಣಿ ಹೊದಿಸಿ ಇಟ್ಟಿದ್ದಾರೆ” ಎಂದರು. ಹಗ್ಗ ಬಿಚ್ಚಿದ್ದು ಯಾರೆಂದು ಆಕೆಗೂ ಅವರು ಹೇಳಿರಲಿಲ್ಲ. ಆಗಲೂ ನಾನು ಸುಮ್ಮನಿದ್ದೆ. ಕೆಲಸ ಹೋದರೆ, ಹುಡುಗಿಯ ತಂದೆತಾಯಿ ಜಗಳಕ್ಕೆ ಬಂದರೆ ಎಂಬ ಭಯ. ಇನ್ನೂ ಒಂದು ವಾರ ಹಾಗೇ ಕಳೆಯಿತು. ತರಗತಿಯಲ್ಲಿ ಆ ಹುಡುಗಿಯೇ ಎದ್ದುನಿಂತು, “ಮ್ಯಾಮ್, ಅಂಕಲ್ ಕೈ ವಾಸಿಯಾಯ್ತಾ?” ಎಂದು ಕೇಳಿದಳು. ನಾನು ಬೋರ್ಡಿನ ಕಡೆ ತಿರುಗಿಕೊಂಡೆ.

ಆ ಸಂಜೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ಆ ಇಂಗ್ಲಿಷರ ಮನೆಗೆ ಒಬ್ಬಳೇ ಹೋಗಿ ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿ, “ಅಂದೇ ಯಾಕೆ ಹೇಳಲಿಲ್ಲ?” ಎಂದರು. ಹೆದರಿದೆ ಎಂದೆ. ಮರುದಿನ ಪ್ರಿನ್ಸಿಪಾಲರಿಗೂ, ಹುಡುಗಿಯ ತಂದೆತಾಯಿಗೂ ಹೇಳಿದೆ. ಶಾಲೆಯಿಂದ ಒಂದು ಮೆಮೊ ಬಂತು. ಕೆಲಸ ಉಳಿಯಿತು.

ಸುದ್ದಿ ತಿಳಿದ ಫೋರ್ಮನ್ನರಿಗೆ ಸಿಟ್ಟು ಬಂದಿತ್ತು. “ಯಾಕೆ ಹೋದ್ರಿ? ನಿಮ್ಮ ಕೆಲಸ ಮಕ್ಕಳ ಜೊತೆ, ನನ್ನದು ಕಬ್ಬಿಣದ ಜೊತೆ. ಕಬ್ಬಿಣ ಯಾರಿಗೂ ಕಂಪ್ಲೇಂಟ್ ಕೊಡೋದಿಲ್ಲ.”

“ನಿಮ್ಮ ಹೆಸರು ಕೆಟ್ಟಿತಲ್ಲ” ಎಂದೆ.

ಅದಕ್ಕೆ ಅವರು, “ತಪ್ಪು ನನ್ನದೂ ಉಂಟು ಟೀಚರ್. ಬಿಚ್ಚಲಿಕ್ಕೆ ಬರುವ ಹಗ್ಗ ಕಟ್ಟಿದ್ದು ನಾನೇ ಅಲ್ವಾ” ಎಂದರು.

ಮುಂದಿನ ಚಳಿಗಾಲಕ್ಕೆ ಸಮಿತಿ ಅವರನ್ನು ಮತ್ತೆ ಕರೆಯಿತು. ಬೆಲ್ಟಿನ ಸುತ್ತ ಕಬ್ಬಿಣದ ಜಾಲರಿ ಕೂರಿಸಿ, ನಾಲ್ಕು ಕಡೆ ಬೋಲ್ಟು ಬಿಗಿದು ತಂದರು. ಅದರ ಮರುವರ್ಷ ಉಳಿದವರೂ ತಮ್ಮ ಎಂಜಿನ್ನುಗಳಿಗೆ ಅದೇ ಬಗೆಯ ಜಾಲರಿ ಹಾಕಿಸಿಕೊಂಡರು. ಹೆಚ್ಚಿನವನ್ನು ಮಾಡಿಕೊಟ್ಟವರು ಇವರೇ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ನಿವೃತ್ತರಾಗಿ ಊರಿಗೆ ಮರಳಿದರು. ದೊಡ್ಡ ಎಂಜಿನ್ನನ್ನು ಬರ್ಕಾದ ಮುದುಕರ ಮೊಮ್ಮಗನಿಗೆ ಕೊಟ್ಟು, ಓಡಿಸುವುದನ್ನೂ ಕಲಿಸಿಯೇ ವಿಮಾನ ಹತ್ತಿದರು.

ಎರಡು ವರ್ಷ ಕಳೆದಿರಬಹುದು, ಅವರ ಹೆಂಡತಿಯ ಫೋನ್ ಬಂತು. ಹೃದಯಾಘಾತವಂತೆ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟರಂತೆ. ನಾನು ಅಳುತ್ತಿದ್ದೆ. ಆಕೆಯೇ ಸಮಾಧಾನ ಹೇಳಿದರು.

“ನಿಮ್ಮ ಸುದ್ದಿ ಯಾವಾಗಲೂ ಹೇಳ್ತಿದ್ರು. ಮನೆಗೆ ಬಂದವರಿಗೆಲ್ಲ ಹೇಳ್ತಿದ್ರು, ‘ನಮ್ಮ ಪಕ್ಕದ ಮನೆ ಟೀಚರ್ ಭಾರೀ ಧೈರ್ಯದವರು. ಆಕ್ಸಿಡೆಂಟ್ ಆದ ಮರುದಿನವೇ ಆ ದೊರೆಯ ಮನೆಗೆ ಒಬ್ಬರೇ ಹೋಗಿ, ತಪ್ಪು ನನ್ನದು ಅಂದ್ರು’ ಅಂತ.”

ನಾನು ಹೋದದ್ದು ಮರುದಿನವಲ್ಲ, ಮೂರು ವಾರ ತಡವಾಗಿ ಎಂಬುದು ಫೋರ್ಮನ್ನರಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.