ಕುಪ್ಪನ ಎರಡು ಫರ್ಲಾಂಗು

ಕೋಡಿಬಾಗದ ಕುಪ್ಪನಿಗೆ ಹೆಂಡತಿಯ ಮಾತು ಕೇಳಬೇಕಾದರೆ ಸೈಕಲ್ ತುಳಿಯಬೇಕಾಗಿತ್ತು. ಎರಡು ಕೋಣೆಯ ಮನೆಯಲ್ಲಿ ಒಂಬತ್ತು ಜನ. ಅಲ್ಲಿ ಅವನ ಹೆಂಡತಿ ಲತಾ, ಕೇಳಿದ್ದಕ್ಕೆ ಉತ್ತರ ಕೊಡುವವಳು, ಅಷ್ಟೇ. ಬೆಳಗ್ಗೆ ಮೀನಿನ ಬುಟ್ಟಿಯನ್ನು ಹ್ಯಾಂಡಲ್ಲಿಗೆ ಕಟ್ಟಿ, ಅವಳನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಕಾರವಾರದ ಪೇಟೆಗೆ ಹೊರಟರೆ ಮಾತ್ರ ಬಾಯಿ ಬಿಚ್ಚುತ್ತಿದ್ದಳು. ಪೇಟೆ ಮುಟ್ಟುವವರೆಗೂ ನಿಲ್ಲಿಸುತ್ತಿರಲಿಲ್ಲ. ಆ ಹೊತ್ತಿನ ಅವಳ ಮುಖವನ್ನು ಕುಪ್ಪ ಒಮ್ಮೆಯೂ ನೋಡಿದವನಲ್ಲ.

ಕಾಳಿ ನದಿಗೆ ಸೇತುವೆಯಾಗಿ ಗೋವೆಯ ಲಾರಿಗಳು ಬಂದವು. ಅವುಗಳ ಹಿಂದೆ ಕೈಗಾದ ಅಣುಸ್ಥಾವರಕ್ಕೆ ಕಬ್ಬಿಣ ಹೊತ್ತ ಲಾರಿಗಳು. ೧೯೮೯ರ ಒಂದು ಬೆಳಗ್ಗೆ ಅಂಥದೊಂದು ಲಾರಿ ಸೈಕಲ್ಲನ್ನು ಪಕ್ಕಕ್ಕೆ ಒತ್ತಿ ಲತಾ ಗಟಾರಕ್ಕೆ ಬಿದ್ದಳು. ಬಳೆ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಎದ್ದು, ಚೆಲ್ಲಿದ ಬಂಗಡೆ ಆಯ್ದು, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡಳು.

“ಇನ್ನು ನಾ ಕೂರೂದಿಲ್ಲ. ಸೈಕಲ್ಲಿಗೆ ಬೇರೆ ದಾರಿ ಆದಾಗ ಹೇಳು” ಎಂದು ನಡೆದೇ ಹೋದಳು.

ಹೇಳಿದ್ದು ಸಿಟ್ಟಿಗೆ. ಕುಪ್ಪ ಅದನ್ನು ತನಗೆ ಒಪ್ಪಿಸಿದ ಕೆಲಸವೆಂದು ತಿಳಿದ. ದಂಡೆಗೆ ಎಳೆಯುವ ರಂಪಣಿಯ ಹಳೆಯ ಬಲೆಯ ತುಂಡುಗಳನ್ನು ತಂದು, ರಸ್ತೆಯ ಅಂಚಿನಿಂದ ಮೂರಡಿ ಬಿಟ್ಟು ಉದ್ದಕ್ಕೆ ಹಾಸಿದ. ದಂಡೆಯಲ್ಲಿ ಒಣಗಲು ಹಾಕಿದ ಬಲೆಯನ್ನು ಯಾರೂ ತುಳಿಯುವುದಿಲ್ಲ, ದಾಟುವುದೂ ಇಲ್ಲ; ಕುಡಿದವನೂ ಸುತ್ತು ಹಾಕಿ ಹೋಗುತ್ತಾನೆ. ಲಾರಿಯವನು ಕುಡಿದವನಿಗಿಂತ ಕಡೆಯೇ?

ಲಾರಿಯವರು ಘಟ್ಟದ ಮೇಲಿನವರು. ಬಲೆಯ ಮೇಲೆಯೇ ಹೋದರು. ನಿಂತವರು ಕೋಡಿಬಾಗದ ಹೆಂಗಸರು. ಬುಟ್ಟಿ ಹೊತ್ತು ರಸ್ತೆಯ ಆಚೆ ಬದಿಗೆ ಹೊರಟಿದ್ದ ಹನ್ನೊಂದು ಜನ ಬಲೆ ದಾಟಲಾರದೆ ಸಾಲಾಗಿ ನಿಂತರು. ಕೊನೆಯವಳು ಲತಾ.

“ಬಲೆ ತೆಗಿಯೋ ಕುಪ್ಪಾ, ಮೀನು ಹಳಸ್ತದೆ” ಎಂದಳು ಅವರಲ್ಲಿ ಹಿರಿಯಳಾದ ವೈಜಯಂತಿ. “ಹೆಂಡ್ತೀನ ಹಿಡೂಕೆ ರಸ್ತೆ ಮೇಲೆ ಬಲೆ ಹಾಕೂದಾ?”

ಈ ಗದ್ದಲದಿಂದ ಪೇಟೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಹುಟ್ಟಿತು. ಅಧ್ಯಕ್ಷರು ಬಟ್ಟೆ ಅಂಗಡಿಯ ತುಳಸಿದಾಸರು. ಅರ್ಜಿಗೆ ಸಹಿ ಹಾಕಿದ ನಲವತ್ತು ಗಣ್ಯರಲ್ಲಿ ನಾನೂ ಒಬ್ಬ. ಕುಪ್ಪನ ಸಹಿ ಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಎರಡು ವರ್ಷಕ್ಕೆ ಪೇಟೆಯ ತುದಿಯಲ್ಲಿ ಬಿಳಿ ಗೆರೆ ಎಳೆದು ಮೂರಡಿ ಅಗಲದ ಸೈಕಲ್ ಪಟ್ಟಿ ಆಯಿತು. ಉದ್ದ ಎರಡು ಫರ್ಲಾಂಗು. ಮೊದಲ ಸವಾರಿ ತಮ್ಮದೇ ಆಗಬೇಕೆಂದು ತುಳಸಿದಾಸರು ಹಠ ಹಿಡಿದರು. ಸೈಕಲ್ ಬಾರದವರು. ಎರಡು ಬದಿಗೆ ಇಬ್ಬರು ಹಿಡಿದುಕೊಂಡರು: ಒಬ್ಬ ಗಟಾರದಲ್ಲಿ, ಇನ್ನೊಬ್ಬ ಲಾರಿಯ ದಾರಿಯಲ್ಲಿ. ಪಟ್ಟಿಯೊಳಗೆ ಸುರಕ್ಷಿತವಾಗಿದ್ದವರು ಅಧ್ಯಕ್ಷರೊಬ್ಬರೇ.

ಮರುದಿನ ಕುಪ್ಪ ಹೆಂಡತಿಗೆ ಹೇಳಿದ, “ದಾರಿ ಆಯ್ತು.”

“ಎಷ್ಟು?”

“ಎರಡು ಫರ್ಲಾಂಗು.”

“ಅಷ್ಟೇ ಕೂರ್ತೆ.”

ಹಾಗೆಯೇ ಕೂತಳು. ಗೆರೆ ಶುರುವಾದಲ್ಲಿ ಹತ್ತುವುದು, ಮುಗಿದಲ್ಲಿ ಇಳಿಯುವುದು. ಸೈಕಲ್ ಬೀಳದಿರಲು ಎಷ್ಟು ಬೇಕೋ ಅಷ್ಟೇ ತುಳಿಯುತ್ತಿದ್ದ ಕುಪ್ಪ. ಮಾತು ಮುಗಿಯದಿದ್ದರೆ, “ಉಳಿದದ್ದು ನಾಳೆ” ಎನ್ನುತ್ತಿದ್ದಳು. ಒಂದು ಬೆಳಗ್ಗೆ ಅಂಕೋಲೆಯ ತವರಿನ ಸುದ್ದಿ ತೆಗೆದಳು. ಮದುವೆಯ ಮುನ್ನಾ ದಿನ ಅವಳು ದೋಣಿಯಡಿ ಅಡಗಿ ಕೂತಿದ್ದಳಂತೆ.

“ಎಂತಕೆ?”

“ಎಂತಕೆ ಅಂದ್ರೆ...” ಎನ್ನುವಾಗ ಗೆರೆ ಮುಗಿಯಿತು. ಇಳಿದಳು.

ಮರುದಿನ ನೋಡಿದರೆ ರಸ್ತೆ ಅಗಲ ಮಾಡುವವರು ಬಂದು ಗೆರೆಯ ಮೇಲೆ ಡಾಂಬರು ಸುರಿದಿದ್ದರು. ಹೊಸ ರಸ್ತೆಯಲ್ಲಿ ಎಲ್ಲಕ್ಕೂ ಜಾಗವಿತ್ತು, ಪಟ್ಟಿಗೆ ಮಾತ್ರ ಇರಲಿಲ್ಲ.

“ದೋಣಿಯಡಿ ಎಂತಕೆ ಕೂತದ್ದು?” ಎಂದು ಕುಪ್ಪ ಮನೆಯಲ್ಲಿ ಕೇಳಿ ನೋಡಿದ.

ಲತಾ ಅತ್ತೆಯ ಕಡೆ ಕಣ್ಣು ಹಾಯಿಸಿದಳು. “ಅದೆಲ್ಲ ಇಲ್ಲಿ ಹೇಳೂದಾ?”

ಹೊಸ ಅರ್ಜಿ ಮೇಲೆ ಹೋಗಿದೆ ಎಂದು ತುಳಸಿದಾಸರು ಹೇಳುತ್ತಾರೆ. ಈ ಸಲ ಮೊದಲ ಸಹಿ ಕುಪ್ಪನದು. ತಾನೇ ಬಂದು ಪೆನ್ನು ಕೇಳಿ ಹಾಕಿದ.

ದಿನಾ ಬೆಳಗ್ಗೆ ಗಂಡ ಹೆಂಡತಿಯನ್ನು ನೋಡುತ್ತೇನೆ. ಲತಾ ಹೆಂಗಸರ ಸಂಗಡ ಮಾತಾಡುತ್ತ ಮುಂದೆ. ಕುಪ್ಪ ಸೈಕಲ್ ತಳ್ಳಿಕೊಂಡು ಹತ್ತು ಹೆಜ್ಜೆ ಹಿಂದೆ. ಅವಳು ಕೂರಲೆಂದು ಕ್ಯಾರಿಯರಿಗೆ ಮಡಿಸಿ ಕಟ್ಟಿದ ಗೋಣಿ ಹಾಗೇ ಇದೆ. ಲಾರಿ ಹಾರ್ನ್ ಹೊಡೆದಾಗಲೆಲ್ಲ ಅವಳ ಒಂದೆರಡು ಮಾತು ಕಳೆದುಹೋಗುತ್ತವೆ. ಆಗ ಅವನು ಬೇಗ ಬೇಗ ಹೆಜ್ಜೆ ಹಾಕಿ ಸ್ವಲ್ಪ ಹತ್ತಿರವಾಗುತ್ತಾನೆ.