ಝಾಹಿದಾಳ ಹೆಸರಿನಲ್ಲಿ

ಕತಾರಿನ ಅಲ್ ಅಜೀಜಿಯಾದ ಆ ಫ್ಲ್ಯಾಟಿಗೆ ಮುಫೀದಾ ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಬಂದ ದಿನವೇ ಅವಳಿಗೆ ಅಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಪರದೆಯ ಬಣ್ಣ ಆರಿಸಿದವಳು, ಮಸಾಲೆ ಡಬ್ಬಿಗಳಿಗೆ ಜಾಗ ಗೊತ್ತುಮಾಡಿದವಳು, ಆ ಸುಡುಬಿಸಿಲಿನ ಬಾಲ್ಕನಿಯಲ್ಲಿ ಕರಿಬೇವಿನ ಗಿಡ ಬದುಕಿಸಿದವಳು, ಕೊನೆಗೆ ಗಂಡ ಎನ್ನುವವನನ್ನು ಪಳಗಿಸಿದವಳು ಕೂಡ ಅಕ್ಕ ಝಾಹಿದಾ. ಮೆದುಳಿನ ನರ ಒಡೆದು ಝಾಹಿದಾ ಒಂದೇ ದಿನದಲ್ಲಿ ತೀರಿಕೊಂಡಿದ್ದಳು. ಊರಿಗೆ ಒಯ್ಯಲಿಲ್ಲ, ಅಬು ಹಮೂರಿನ ಖಬರಸ್ಥಾನದಲ್ಲೇ ಮಣ್ಣು ಮಾಡಿದರು. ಹಾಗಾಗಿ ಅವಳು ಕತಾರ್ ಬಿಟ್ಟು ಹೋಗಲೇ ಇಲ್ಲ ಅನ್ನಿ.

ಹಿಂದೆ ಉಳಿದದ್ದು ಒಂದೂವರೆ ವರ್ಷದ ಅಸೀಫಾ. ಉಳ್ಳಾಲದಲ್ಲಿ ಎರಡೂ ಮನೆಯ ಹಿರಿಯರು ಕೂತು ಮಾತಾಡಿದರು. ಯಾರೋ ಗುರುತಿಲ್ಲದವಳು ಮಲತಾಯಿಯಾಗಿ ಬರುವುದಕ್ಕಿಂತ ರಕ್ತಸಂಬಂಧದವಳೇ ಬರಲಿ ಎಂದರು. ನಮ್ಮ ಕಡೆ ಇದೇನು ಹೊಸತಲ್ಲ. ಬಿ.ಎಡ್. ಓದುತ್ತಿದ್ದ ಮುಫೀದಾಳನ್ನು ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿದರು. ಕೈಗೆ ಮಗು ಕೊಟ್ಟು ಕೇಳಿದರು. ಹೆಗಲ ಮೇಲೆ ಮಗು ನಿದ್ದೆ ಹೋಗಿರುವಾಗ ಯಾವ ಹುಡುಗಿಗೆ ಒಲ್ಲೆ ಅನ್ನಲು ಬಾಯಿ ಬರುತ್ತದೆ, ನೀವೇ ಹೇಳಿ.

ಹಾಶಿಮ್ ಕೆಟ್ಟವನಲ್ಲ. ವೆಸ್ಟ್ ಬೇಯ ಒಂದು ಕಂಪನಿಯಲ್ಲಿ ಪರ್ಚೇಸ್ ಆಫೀಸರ್. ಸಿಗರೇಟಿಲ್ಲ, ಸಿಟ್ಟಿಲ್ಲ, ಹೆಂಡತಿಯ ಮೇಲೆ ದನಿ ಎತ್ತಿದವನಲ್ಲ. ಆದರೆ ಒಳಕೋಣೆಯಿಂದ ಏನಾದರೂ ಬೇಕಾಗಿ ಕರೆದರೆ ‘ಝಾ’ ಎಂದು ಶುರುಮಾಡಿ, ಉಳಿದದ್ದನ್ನು ನುಂಗಿ, ‘ಕೇಳ್ತಾ?’ ಎನ್ನುತ್ತಿದ್ದ. ಪಕ್ಕದ ಮನೆಯ ಹೆಂಗಸರು ಅವಳು ಮಾಡಿದ ನೈಪತ್ತಿರ್ ತಿಂದು ಥೇಟ್ ಝಾಹಿದಾಳ ಕೈರುಚಿ ಎಂದು ಹೊಗಳುತ್ತಿದ್ದರು. ಹೊಗಳಿಕೆಯೇ, ಅನುಮಾನವಿಲ್ಲ. ಅದನ್ನು ಕೇಳಿದ ದಿನ ಮುಫೀದಾ ತಾನು ಮಾಡಿದ್ದನ್ನು ತಾನು ತಿನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ಇಸ್ತ್ರಿ ಹಾಕುತ್ತಿದ್ದಾಗ ಮಲಗುವ ಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಝಾಹಿದಾ ಕರೆಯುವ ಮುಂಚೆ ಹಾಗೆಯೇ ಮಾಡುತ್ತಿದ್ದದ್ದು. ಮುಫೀದಾ "ಬಂದೆ ಅಕ್ಕ" ಎಂದು ಇಸ್ತ್ರಿ ಬದಿಗಿಟ್ಟು ಎದ್ದು ಹೋದಳು. ಕೋಣೆಯಲ್ಲಿ ಎ.ಸಿ. ಗಾಳಿಗೆ ಪರದೆ ಅಲ್ಲಾಡುತ್ತಿತ್ತು, ಅಷ್ಟೇ. ತಾನು ಯಾರಿಗೆ ಓಗೊಟ್ಟು ಬಂದೆ ಎಂಬುದು ಆಮೇಲೆ ಹೊಳೆಯಿತು. ಅವತ್ತಿನಿಂದ ನಿದ್ದೆ ಹಾರಿಹೋಯಿತು. ಯಾರೂ ಕಲಿಸದೆ ತಾನು ಟವೆಲ್ಲುಗಳನ್ನು ಅಕ್ಕನ ಹಾಗೆ ಮೂರು ಮಡಿಕೆ ಮಾಡುವುದು, ಅಕ್ಕನ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಲ್ಲುವುದು ಒಂದೊಂದಾಗಿ ಕಣ್ಣಿಗೆ ಬಿದ್ದವು. ತನ್ನೊಳಗೆ ತನ್ನದು ಏನು ಮಿಕ್ಕಿದೆ ಎಂದು ಹುಡುಕಿದರೆ ಭಯವೊಂದೇ ಸಿಕ್ಕುತ್ತಿತ್ತು.

ಡಾಕ್ಟರಲ್ಲಿಗೆ ಹೋಗಬೇಕು ಎಂದು ಅವಳಿಗೇ ಅನ್ನಿಸಿತು, ಪುಣ್ಯ. ಹಾಶಿಮನ ಕಂಪನಿಯ ಇನ್ಶೂರೆನ್ಸ್ ಕಾರ್ಡ್ ಪರ್ಸಿನಲ್ಲೇ ಇತ್ತು. ಆದರೆ ಆ ಕಾರ್ಡನ್ನು ಯಾವ ಕೌಂಟರಿನಲ್ಲಿ ಕೊಟ್ಟರೂ ಗಂಡನ ಫೋನಿಗೆ ಮೆಸೇಜ್ ಹೋಗುತ್ತದೆ: ಯಾರು, ಯಾವ ಕ್ಲಿನಿಕ್, ಯಾವ ವಿಭಾಗ. ಹಿಂದೊಮ್ಮೆ ಹಲ್ಲು ಕೀಳಿಸಲು ಹೋದಾಗ ಕುರ್ಚಿಯಿಂದ ಏಳುವ ಮೊದಲೇ ಹಾಶಿಮನ ಫೋನು ಬಂದಿತ್ತು. ಇನ್ನು ‘ಮಾನಸಿಕ’ ಎಂದು ಬಂದರೆ? ಅವನು ತಾಯಿಗೆ ಹೇಳದೆ ಇರುವವನಲ್ಲ. ಬೆಳಿಗ್ಗೆ ಅಜೀಜಿಯಾದಲ್ಲಿ ಸೀನಿದರೆ ಸಂಜೆಗೆ ಉಳ್ಳಾಲದಲ್ಲಿ ಕಷಾಯ ಕುದಿಯುವ ಜನ ನಾವು. ತಲೆ ನೆಟ್ಟಗಿಲ್ಲದವಳ ಕೈಯಲ್ಲಿ ಮಗು ಬೇಡ ಎಂದು ಅತ್ತೆ ಮುಂದಿನ ವಿಮಾನಕ್ಕೇ ಬಂದು ಅಸೀಫಾಳನ್ನು ಎತ್ತಿಕೊಂಡು ಹೋಗುತ್ತಾರೆ. ಮಗು ಒಂದಿಲ್ಲದಿದ್ದರೆ ಆ ಮನೆಯಲ್ಲಿ ಮುಫೀದಾ ಯಾರು?

ಅದಕ್ಕೇ ಅವಳು ಅಬಾಯಾಗಳಿಗೆ ಕಸೂತಿ ಹಾಕಿ ಕೂಡಿಟ್ಟ ಸ್ವಂತ ದುಡ್ಡು ಹಿಡಿದು, ಅಸೀಫಾ ಶಾಲೆಗೆ ಹೋದ ಹೊತ್ತಿನಲ್ಲಿ, ಒಂದು ವಿಲ್ಲಾದ ಕೆಳ ಅಂತಸ್ತಿನಲ್ಲಿದ್ದ ಸಣ್ಣ ಕ್ಲಿನಿಕ್ಕಿಗೆ ಹೋದಳು. ಕೈಯಲ್ಲೇ ಕಾಸು ಕೊಡುವವರಿಗೆ ಅಲ್ಲಿ ಹೆಚ್ಚು ಪ್ರಶ್ನೆಗಳಿರಲಿಲ್ಲ. ಒಂದು ಹೆಸರು, ಒಂದು ಮೊಬೈಲ್ ನಂಬರು. ಕೌನ್ಸೆಲರ್ ರೋಸ್‌ಮೇರಿ ಉಡುಪಿ ಕಡೆಯವರು, ಕನ್ನಡದವರು. ಕನ್ನಡ ಕೇಳಿದ್ದೇ ಮುಫೀದಾ ಕುರ್ಚಿಯ ಅಂಚಿಗೆ ಸರಿದು ಕೂತಳು. ಇವರಿಗೆ ಉಳ್ಳಾಲದಲ್ಲಿ ಗುರುತಿನವರು ಇದ್ದರೆ? ಹೆಸರು ಕೇಳಿದಾಗ ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟಳು: ಝಾಹಿದಾ.

ಎಡವಿದ್ದು ಅಲ್ಲಿಯೇ. ಬೇರೆ ಯಾವ ಹೆಸರು ಹೇಳಿದ್ದರೂ ಆಗುತ್ತಿತ್ತು.

ರೋಸ್‌ಮೇರಿ ಪ್ರೀತಿಯಿಂದ ಝಾಹಿದಾ ಎಂದು ಕರೆದು ಮಾತಾಡಿಸಿದಾಗ ಮುಫೀದಾಳ ಬಾಯಿಯಿಂದ ತನ್ನ ಕಥೆ ಹೊರಡಲಿಲ್ಲ. ಝಾಹಿದಾ ಅಂತ ಕರೆದರೆ ಮುಫೀದಾ ಹೇಗೆ ಉತ್ತರ ಕೊಡುವುದು? ಎರಡನೆಯ ಸಲ ಹೋದಾಗ ಅವಳು ತಲೆ ತಗ್ಗಿಸಿ ಹೇಳಿದಳು: "ನನ್ನ ತಂಗಿ ಬಂದು ನನ್ನ ಮನೆಯಲ್ಲಿ ಕೂತಿದ್ದಾಳೆ ಮೇಡಂ. ನನ್ನ ಮಗು ಅವಳನ್ನು ಉಮ್ಮ ಅಂತ ಕರೀತದೆ."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಆದರೂ ನಿಲ್ಲಿಸಲಾಗಲಿಲ್ಲ. ಗಂಡ ಹೇಗೆ ನನ್ನನ್ನು ಮರೆಯಲಾರದೆ ಒದ್ದಾಡುತ್ತಾನೆ, ತಂಗಿ ಹೇಗೆ ನನ್ನ ಪಾತ್ರೆಯಲ್ಲಿ ಉಂಡು ನನ್ನ ಹಾಸಿಗೆಯಲ್ಲಿ ಮಲಗುತ್ತಾಳೆ ಎಂದೆಲ್ಲ ಹೇಳಿದಳು. ಪಾಪ, ರೋಸ್‌ಮೇರಿಗೆ ಏನು ಗೊತ್ತು? ಗಂಡ ನಾದಿನಿಯ ಬೆನ್ನು ಹಿಡಿದಿದ್ದಾನೆ ಎಂದುಕೊಂಡರು. ಮುಂದಿನ ಸಲ ಎದುರಿಗೆ ಒಂದು ಖಾಲಿ ಕುರ್ಚಿ ಎಳೆದಿಟ್ಟರು. ಆ ಕಸುಬಿನಲ್ಲಿ ಹಾಗೊಂದು ಪದ್ಧತಿಯಂತೆ. ತಂಗಿ ಅಲ್ಲಿ ಕೂತಿದ್ದಾಳೆ ಅಂದುಕೊಳ್ಳಿ, ಮನಸ್ಸಿನಲ್ಲಿ ಇದ್ದದ್ದನ್ನು ಅವಳ ಮುಖಕ್ಕೇ ಹೇಳಿ ಎಂದರು.

ಮುಫೀದಾ ಕುರ್ಚಿಯನ್ನು ನೋಡಿದಳು. ಅಲ್ಲಿ ತಾನೇ ಕೂತಿದ್ದಳು.

"ಹೊರಡು," ಎಂದಳು. "ನನ್ನ ಮನೆ ಬಿಟ್ಟು ಹೊರಡು." ದನಿ ಅಕ್ಕನದೇ.

ಸಂಕಟ ಕಳೆಯಲೆಂದು ಹೋದವಳು ಕೈಯಾರೆ ದುಡ್ಡು ಕೊಟ್ಟು ಮನೆಬಿಡುವ ಅಪ್ಪಣೆ ತಂದ ಹಾಗಾಯಿತು. ಅಕ್ಕನ ಮಾತನ್ನು ಮುಫೀದಾ ಚಿಕ್ಕಂದಿನಿಂದ ಮೀರಿದವಳಲ್ಲ. ಅಂದಿನಿಂದ ಹಾಲ್‌ನ ಸೋಫಾದ ಮೇಲೆ ಮಲಗತೊಡಗಿದಳು. ಅಸೀಫಾ ಉಮ್ಮ ಎಂದು ಓಡಿ ಬಂದರೆ ಚಿಕ್ಕಮ್ಮ ಅನ್ನು ಎಂದು ತಿದ್ದಿದಳು. ಮಗು ಅರ್ಥವಾಗದೆ ಬಿಕ್ಕಿ ಬಿಕ್ಕಿ ಅತ್ತಿತು. ಯಾವ ಮಗುವನ್ನು ಕಳೆದುಕೊಳ್ಳಬಾರದೆಂದು ಕಾರ್ಡನ್ನು ಅಡಗಿಸಿಟ್ಟಳೋ ಅದನ್ನು ತಾನಾಗಿಯೇ ಬಿಟ್ಟುಕೊಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಡೆಯಲಾಗಲಿಲ್ಲ. ಊರಿಗೆ ಒಂದು ಟಿಕೆಟ್ ಮಾಡಿಕೊಡಿ, ಮಗುವಿನ ಹತ್ತಿರ ನಿಮ್ಮ ತಾಯಿ ಬಂದಿರಲಿ ಎಂದು ಹಾಶಿಮನನ್ನು ಕೇಳಿದಳು. ಮರಳುವ ಟಿಕೆಟ್ ಬೇಡವೇ ಎಂದು ಅವನು ಕೇಳಿದ. ಆಮೇಲೆ ನೋಡೋಣ ಎಂದಳು. ಅವನು ಸರಿ ಎಂದು ಟಿಕೆಟ್ ಮಾಡಿಸಿಯೇಬಿಟ್ಟ. ಆ ಮನುಷ್ಯ ಒಮ್ಮೆಯಾದರೂ ಯಾಕೆ ಎಂದು ಕೇಳಬೇಡವೇ!

ಆ ವಾರ ಗೊತ್ತಾಗಿದ್ದ ದಿನ ಅವಳು ಕ್ಲಿನಿಕ್ಕಿಗೆ ಹೋಗಲಿಲ್ಲ. ಇನ್ನು ಹೋಗುವುದು ಯಾತಕ್ಕೆ? ಮರುದಿನ ಹಾಶಿಮನಿಗೆ ರಜೆ. ಬೆಳಿಗ್ಗೆ ಮುಫೀದಾ ಹಿಟ್ಟಿನ ಕೈಯಲ್ಲಿ ರೊಟ್ಟಿ ತಟ್ಟುತ್ತಿದ್ದಾಗ ಹಾಲ್‌ನಲ್ಲಿ ಅವಳ ಫೋನು ಬಡಿದುಕೊಂಡಿತು. ಹಾಶಿಮ್ ಅದನ್ನು ತಂದು, ಅವಳಿಗೆ ಕೇಳಿಸಲೆಂದು ಸ್ಪೀಕರಿಗೆ ಹಾಕಿ ಹಿಡಿದ. ಆ ಕಡೆಯಿಂದ ರೋಸ್‌ಮೇರಿ ನಮಸ್ಕಾರ ಹೇಳಿ ಕೇಳಿದರು: "ಝಾಹಿದಾ ಇದ್ದಾರಾ? ನಿನ್ನೆ ಬರಲಿಲ್ಲ, ಹಾಗೆ ಕೇಳುವ ಅಂತ ಮಾಡಿದೆ."

ಹಾಶಿಮ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಯಾರೋ ಹುಡುಗಾಟಿಕೆ ಮಾಡುತ್ತಿದ್ದಾರೆ ಎಂದು ಬೈಯುತ್ತಾನೆ ಅಂದುಕೊಂಡಳು ಮುಫೀದಾ. ಅವನು ಬೈಯಲಿಲ್ಲ.

"ಮೊದಲೆಲ್ಲ ಬರ್ತಿದ್ದಳಾ?" ಎಂದು ಪಿಸುಗುಟ್ಟಿದ.

ನೀವು ಯಾರು ಎಂದು ರೋಸ್‌ಮೇರಿ ಎಚ್ಚರದಿಂದ ಕೇಳಿದರು. ಮುಫೀದಾಳಿಗೆ ತಡೆಯಲಾಗಲಿಲ್ಲ. ಕ್ಲಿನಿಕ್ಕಿನ ಸಂಗತಿ, ಕಾರ್ಡು ಕೊಡದೆ ಕಾಸು ಕೊಟ್ಟದ್ದು, ಅಕ್ಕನ ಹೆಸರು ಹೇಳಿ ಅಕ್ಕನಾಗಿ ಮಾತಾಡಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಹೊಡೆತಕ್ಕೆ ಕಾಯುವವಳ ಹಾಗೆ ಕಣ್ಣು ಮುಚ್ಚಿ ನಿಂತಳು. ಹುಚ್ಚಿ ಎನ್ನುತ್ತಾನೆ, ಅತ್ತೆಗೆ ಫೋನು ಮಾಡುತ್ತಾನೆ, ಖಲಾಸ್.

ಹಾಶಿಮ್ ಹತ್ತಿರ ಬಂದ. ಅವನ ಕಣ್ಣಲ್ಲಿ ನೀರಿತ್ತು, ಅದರ ಹಿಂದೆ ಏನೋ ಆಸೆಯಿತ್ತು. ಮೂರು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿದ್ದೇ ಇಲ್ಲ.

"ಅವಳು ಅಲ್ಲಿ ಎಂತ ಹೇಳಿದಳು?" ಎಂದು ಕೇಳಿದ. "ನನ್ನ ಬಗ್ಗೆ ಏನಾದ್ರೂ ಹೇಳಿದಳಾ?"

ಮುಫೀದಾಳಿಗೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಬಂದ ಮೊದಲನೆಯ ಸಿಟ್ಟು, ಅದು ಪೂರ್ತಿ ಅವಳದೇ. ಅಕ್ಕ ಸಿಟ್ಟು ಬಂದರೆ ನಗುತ್ತಿದ್ದಳು.

"ಅವಳು ಸತ್ತು ನಾಲ್ಕು ವರ್ಷ ಆಯ್ತು," ಎಂದಳು. "ಅಲ್ಲಿ ಕೂತು ಅತ್ತದ್ದು ನಾನು. ನನ್ನನ್ನು ಕೇಳಿ."

ಹಿಟ್ಟಿನ ಕೈಯಲ್ಲೇ ಫೋನನ್ನು ಕಿತ್ತುಕೊಂಡಳು. ರೋಸ್‌ಮೇರಿ ಇನ್ನೂ ಲೈನಿನಲ್ಲಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಮೇಡಂ, ನಾನು ಮುಫೀದಾ. ಆ ಕುರ್ಚಿಯಲ್ಲಿದ್ದ ತಂಗಿ ನಾನೇ. ಬರುವ ವಾರ ಇನ್ಶೂರೆನ್ಸ್ ಕಾರ್ಡ್ ಹಿಡ್ಕೊಂಡು ಬರ್ತೇನೆ. ಮೆಸೇಜ್ ಇವರ ಫೋನಿಗೇ ಬರಲಿ, ಬೇಕಾದವರಿಗೆ ತೋರಿಸಲಿ. ಮಗುವನ್ನು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ."

ಆ ಕಡೆಯಿಂದ ರೋಸ್‌ಮೇರಿ ಮೆಲ್ಲಗೆ, "ಬನ್ನಿ ಮುಫೀದಾ," ಎಂದರು. ಆ ಮನೆಯಲ್ಲಿ ಅವಳ ಹೆಸರನ್ನು ಯಾರಾದರೂ ಅಷ್ಟು ಸ್ಪಷ್ಟವಾಗಿ ಕರೆದು ಎಷ್ಟು ಕಾಲವಾಗಿತ್ತೋ.

ಫೋನು ಇಟ್ಟ ಮೇಲೂ ಹಾಶಿಮ್ ಅಲ್ಲೇ ನಿಂತಿದ್ದ. ಕಾವಲಿಯ ಮೇಲೆ ರೊಟ್ಟಿ ಸೀದು ಹೊಗೆಯೇಳುತ್ತಿತ್ತು. ಅವನು ಅಡುಗೆಮನೆಯ ಮೂಲೆ ಮೂಲೆ ನೋಡಿ, ಬಹಳ ಸಣ್ಣ ದನಿಯಲ್ಲಿ, "ಹೋದಳಾ?" ಎಂದು ಕೇಳಿದ.

ಯಾರು ಎಂದು ಮುಫೀದಾ ಕೇಳಲಿಲ್ಲ. ಅಕ್ಕ ಹೋದಳೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಒಲೆ ಆರಿಸಿ, ಕೈ ತೊಳೆದು, ಅಸೀಫಾಳನ್ನು ಎಬ್ಬಿಸಲು ಹೋದಳು.